ಊಟಿಯ ಚಳಿಗೆ ಸೋಲಾರ್, ಬಾಯ್ಲರ್ ಒಡೆಯುವುದು ಏಕೆ, ಉಳಿಸಿಕೊಳ್ಳುವುದು ಹೇಗೆ

ನವೆಂಬರಿನ ಮಳೆ ನಿಂತು ಆಕಾಶ ತಿಳಿಯಾಯಿತು ಅಂದರೆ ನೀಲಗಿರಿಯಲ್ಲಿ ಉರೈಪನಿಯ ಕಾಲ ಶುರು. ಮಾತು ತಮಿಳಿನದು, ಆದರೆ ಇದಕ್ಕೆ ಇಬ್ಬನಿ ಅನ್ನುವ ಹೆಸರು ಸಾಲದು. ಇಬ್ಬನಿ ನೀರಿನ ಹನಿ. ಇದು ಹುಲ್ಲಿನ ಮೇಲೆ ಪುಡಿ ಉಪ್ಪು ಚೆಲ್ಲಿದ ಹಾಗೆ ಕೂರುವ ಮಂಜುಗಡ್ಡೆ. ತಲೈಕುಂದಾ, ಕಾಂದಲ್, ರೇಸ್‌ಕೋರ್ಸ್ ಬಯಲಿನಂಥ ತಗ್ಗಿನ ಜಾಗಗಳಲ್ಲಿ ಇದರ ಕಾಟ ಹೆಚ್ಚು. ತಣ್ಣನೆಯ ಗಾಳಿ ತೂಕದ ಗಾಳಿ, ರಾತ್ರಿಯಿಡೀ ಗುಡ್ಡದಿಂದ ಇಳಿದು ಬಂದು ಹಳ್ಳದಲ್ಲಿ ನಿಂತುಬಿಡುತ್ತದೆ. ಒಂದೇ ಬೀದಿಯಲ್ಲಿ ಮೇಲಿನ ಮನೆಯ ಪೈಪು ಚೆನ್ನಾಗಿದ್ದು, ಕೆಳಗಿನ ಮನೆಯದು ಒಡೆಯುವುದು ಇದರಿಂದಲೇ.

ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ. ಜನವರಿಯ ರಾತ್ರಿಗಳಲ್ಲಿ ಸರಾಸರಿ ಕನಿಷ್ಠ ಉಷ್ಣಾಂಶ 5–6 ಡಿಗ್ರಿ. ಈ ಅಂಕಿ ನೋಡಿ ಸೊನ್ನೆಗೆ ಇಳಿದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವುದೇ ಮೊದಲ ತಪ್ಪು. ಹವಾಮಾನದ ಅಂಕಿ ನೆರಳಿನ ಪೆಟ್ಟಿಗೆಯೊಳಗಿನ ಗಾಳಿಯದು. ನೀರು ಕಾಯಿಸುವ ನಿಮ್ಮ ಸೋಲಾರಿನ ಕಲೆಕ್ಟರ್, ಅಂದರೆ ಬಿಸಿಲು ಹೀರುವ ಪ್ಯಾನೆಲ್, ಇರುವುದು ಆಕಾಶಕ್ಕೆ ಎದೆಯೊಡ್ಡಿಕೊಂಡು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಅದು ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತ ನಾಲ್ಕೈದು ಡಿಗ್ರಿ ಕೆಳಗೆ ಹೋಗುತ್ತದೆ. ಹಾಗಾಗಿ ಗಾಳಿ 3–4 ಡಿಗ್ರಿ ಇದ್ದರೂ ಕಲೆಕ್ಟರಿನೊಳಗೆ ನೀರು ಗಡ್ಡೆ ಕಟ್ಟಬಹುದು. ನಿಮ್ಮ ಮನೆಯ ಮಟ್ಟಿಗೆ ಗೊತ್ತಾಗಬೇಕಾದರೆ ಒಂದು ಉಪಾಯವಿದೆ. ಸಂಜೆ ತಾರಸಿಯ ಮೇಲೆ ಒಂದು ಥರ್ಮಾಕೋಲ್ ತುಂಡಿಟ್ಟು, ಅದರ ಮೇಲೆ ಸ್ಟೀಲ್ ತಟ್ಟೆಯಲ್ಲಿ ಅರ್ಧ ಬೆರಳು ನೀರು ಹಾಕಿಡಿ. ಇನ್ನೊಂದು ತಟ್ಟೆಯನ್ನು ಕಿಟಕಿಯ ಮೇಲಿನ ಸಜ್ಜೆಯ ಕೆಳಗಿಡಿ. ಬೆಳಗ್ಗೆ ಮೊದಲನೆಯದರಲ್ಲಿ ಗಾಜಿನಂಥ ಪದರ ಇದ್ದು ಎರಡನೆಯದು ನೀರಾಗಿಯೇ ಇದ್ದರೆ, ನೀವು ಕಾಯಬೇಕಾದದ್ದು ಆಕಾಶ ಕಾಣುವ ಪೈಪುಗಳನ್ನು ಎಂದು ತಿಳಿಯಿತು. ಎರಡೂ ಗಟ್ಟಿಯಾಗಿದ್ದರೆ ಹೊರಗೋಡೆಯ ಪೈಪು, ಹಿತ್ತಿಲ ಗ್ಯಾಸ್ ಗೀಸರ್ ಎಲ್ಲವೂ ಲೆಕ್ಕಕ್ಕೆ ಬಂದವು.

ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗುತ್ತದೆ, ಅದಕ್ಕೇ ಪೈಪು ಒಡೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಎಲ್ಲಿ ಒಡೆಯುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಪೈಪಿನ ಒಂದು ಕಡೆ ಗಡ್ಡೆ ಕಟ್ಟಿ ಬೆಳೆಯತೊಡಗಿದಾಗ ಅದು ಮುಂದಿರುವ ನೀರನ್ನು ಪಿಸ್ಟನ್ನಿನಂತೆ ತಳ್ಳುತ್ತದೆ. ಆ ನೀರಿನ ಇನ್ನೊಂದು ತುದಿಯಲ್ಲಿ ಮುಚ್ಚಿದ ನಲ್ಲಿಯೋ ವಾಲ್ವೋ ಇನ್ನೊಂದು ಗಡ್ಡೆಯೋ ಇದ್ದರೆ, ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತ ಹೋಗಿ ಪೈಪು ಬಿರಿಯುತ್ತದೆ. ಒಡೆದದ್ದು ಗಡ್ಡೆ ಕಟ್ಟಿದ ಜಾಗವೇ ಆಗಬೇಕೆಂದಿಲ್ಲ, ಬಹಳ ಸಲ ಪಕ್ಕದ ಇನ್ನೂ ನೀರಾಗಿರುವ ಭಾಗ. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟರೆ ಪೈಪು ಉಳಿಯುವುದು ಈ ಒತ್ತಡಕ್ಕೆ ಹೊರಹೋಗುವ ದಾರಿ ಸಿಗುವುದರಿಂದ. ನಿಮಿಷಕ್ಕೆ 100 ಮಿಲಿಲೀಟರ್ ಬಿಟ್ಟರೂ ಹತ್ತು ಗಂಟೆಗೆ 60 ಲೀಟರ್ ಆಗುತ್ತದೆ. ಕೆಳಗೆ ಬಕೆಟ್ ಇಟ್ಟು ಬೆಳಗ್ಗೆ ಬಟ್ಟೆಗೋ ಗಿಡಕ್ಕೋ ಬಳಸಿ. ತೀರಾ ಕೆಟ್ಟ ರಾತ್ರಿಗಳಿಗೆ ಇದು ಸರಿ, ದಿನಾ ಮಾಡುವಂಥದ್ದಲ್ಲ.

ಇನ್ನು ಕಲೆಕ್ಟರಿನೊಳಗೆ ನೀರು ಮೇಲೇರುವ ತಾಮ್ರದ ಕೊಳವೆ, ಅಂದರೆ ರೈಸರ್, ಒಡೆದರೆ ಹೇಗಿರುತ್ತದೆ ನೋಡಿ. ಅರ್ಧ ಇಂಚಿನ ಕೊಳವೆ ಮೊದಲು ಒಂದು ಕಡೆ ಉಬ್ಬುತ್ತದೆ, ಆಮೇಲೆ ಉದ್ದುದ್ದಕ್ಕೆ ಸೀಳುತ್ತದೆ. ಸೀಳಿನ ಎರಡು ಅಂಚೂ ಹೊರಕ್ಕೆ ಮಡಚಿ, ಬ್ಲೇಡಿನಷ್ಟು ತೆಳ್ಳಗಾಗಿ, ಮೀನು ಬಾಯಿ ತೆರೆದ ಹಾಗೆ ಕಾಣುತ್ತದೆ. ಆ ಹೊತ್ತಿಗೆ ಒಂದು ಹನಿಯೂ ಸೋರುವುದಿಲ್ಲ, ಒಳಗಿನ ಗಡ್ಡೆಯೇ ಬಿರಡೆ. ಬೆಳಗ್ಗೆ ಎಂಟೂವರೆ, ಒಂಬತ್ತಕ್ಕೆ ಬಿಸಿಲು ಗಾಜಿಗೆ ತಾಗಿ ಗಡ್ಡೆ ಕರಗಿದ ಮೇಲೆ ಗಾಜಿನ ಒಳಮೈಗೆ ನೀರು ಚಿಮ್ಮುತ್ತದೆ, ಪೆಟ್ಟಿಗೆಯ ಅಡಿಯಿಂದ ಧಾರೆ ಇಳಿಯುತ್ತದೆ. ಒಡೆದದ್ದು ನಡುರಾತ್ರಿ, ಗೊತ್ತಾಗುವುದು ಮನೆಯವರೆಲ್ಲ ಕೆಲಸಕ್ಕೆ ಹೊರಟ ಮೇಲೆ. ಅಷ್ಟರಲ್ಲಿ ಟ್ಯಾಂಕಿನ ನೀರೆಲ್ಲ ತಾರಸಿಯ ಪಾಲು. ಹಾಗಾಗಿ ಉರೈಪನಿ ಬಿದ್ದ ದಿನ ಬಿಸಿಲೇರಿದ ಮೇಲೆ ಒಮ್ಮೆ ತಾರಸಿ ಹತ್ತಿ ನೋಡುವುದು ಒಳ್ಳೆಯದು.

ಗಾಜಿನ ಪೆಟ್ಟಿಗೆಯೊಳಗೆ ತಾಮ್ರದ ಕೊಳವೆ ಇರುವ ಫ್ಲಾಟ್ ಪ್ಲೇಟ್ ಕಲೆಕ್ಟರ್ ಮೈಸೂರಿಗೆ, ಕೊಯಮತ್ತೂರಿಗೆ ಬಹಳ ಒಳ್ಳೆಯದು. ಬಯಲುಸೀಮೆಯಿಂದ ಬಂದು ಕೂರಿಸುವವರು ಅಲ್ಲಿ ಹಾಕುವ ಹಾಗೆಯೇ ಇಲ್ಲೂ ಹಾಕಿ ಹೋಗುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಎರಡು ಚದರ ಮೀಟರಿನ ಒಂದು ಪ್ಯಾನೆಲ್ಲಿನಲ್ಲಿ ಇರುವ ನೀರು ಎರಡು ಮೂರು ಲೀಟರ್ ಅಷ್ಟೇ, ಅದೂ ಸಣ್ಣ ಕೊಳವೆಗಳಲ್ಲಿ ಹಂಚಿಹೋಗಿ. ತಣ್ಣಗಾಗಲು ಎಷ್ಟು ಹೊತ್ತು ಬೇಕು? ಪಕ್ಕದ ಟ್ಯಾಂಕಿನಲ್ಲಿ 100 ಲೀಟರ್ ಬಿಸಿನೀರಿದ್ದರೂ ಕಲೆಕ್ಟರಿಗೆ ಅದರಿಂದ ಉಪಯೋಗವಿಲ್ಲ, ಬಿಸಿನೀರು ಮೇಲೆಯೇ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ.

ಇದಕ್ಕೆ ಖರ್ಚಿಲ್ಲದ ಮದ್ದು ಹೊದಿಕೆ. ಸಂಜೆ ಐದೂವರೆಗೆ ದಪ್ಪ ಟಾರ್ಪಾಲನ್ನು ಗಾಜಿನ ಮೇಲೆ ಹೊದಿಸಿ ನಾಲ್ಕು ಮೂಲೆ ಕಟ್ಟಿ. ಗಾಜಿಗೂ ಟಾರ್ಪಾಲಿಗೂ ನಡುವೆ ಎರಡು ಮೂರು ಇಂಚು ಸಂದು ಇರುವಂತೆ ಎರಡು ಮರದ ಪಟ್ಟಿ ಇಟ್ಟರೆ ಇನ್ನೂ ಉತ್ತಮ. ಆಕಾಶ ಕಾಣದಂತಾದರೆ ಕಲೆಕ್ಟರು ಗಾಳಿಯ ಉಷ್ಣಾಂಶದ ಹತ್ತಿರವೇ ಉಳಿಯುತ್ತದೆ. ತೋಟದವರು ಸಂಜೆ ಗಿಡಗಳಿಗೆ ಹೊದಿಕೆ ಹಾಕುವುದರ ಹಿಂದಿನ ಲೆಕ್ಕವೂ ಇದೇ. ಕೂನೂರಿನ ಕಡೆ, ಕೋಟಗಿರಿಯ ಕಡೆ ಅನೇಕ ಮನೆಗಳಿಗೆ ಇಷ್ಟೇ ಸಾಕು. ಊಟಿಯ ತಗ್ಗಿನ ಮನೆಗಳಿಗೆ ಸಾಲದು, ಅಲ್ಲಿ ಗಾಳಿಯೇ ಸೊನ್ನೆಗಿಳಿಯುತ್ತದೆ.

ಅಂಥ ಕಡೆ ರಾತ್ರಿ ಕಲೆಕ್ಟರನ್ನು ಖಾಲಿ ಮಾಡಿಡಬೇಕು. ಅದಕ್ಕೆ ನಾಲ್ಕು ಬಾಲ್ ವಾಲ್ವ್ ಬೇಕು. ಟ್ಯಾಂಕಿನ ಅಡಿಯಿಂದ ಕಲೆಕ್ಟರಿಗೆ ಇಳಿಯುವ ಲೈನಿನಲ್ಲಿ ಒಂದು, ಕಲೆಕ್ಟರಿನ ತಲೆಯಿಂದ ಟ್ಯಾಂಕಿಗೆ ಹೋಗುವ ಬಿಸಿನೀರಿನ ಲೈನಿನಲ್ಲಿ ಒಂದು, ಕೆಳಗಿನ ಹೆಡರಿನ (ಕೊಳವೆಗಳನ್ನೆಲ್ಲ ಕೂಡಿಸುವ ಅಡ್ಡ ಪೈಪು) ತುದಿಯಲ್ಲಿ ನೀರು ಬಿಡಲು ಒಂದು, ಮೇಲಿನ ಹೆಡರಿನ ತುದಿಯಲ್ಲಿ ಗಾಳಿಗೆ ಒಂದು. ಸಂಜೆ ಮೊದಲೆರಡನ್ನು ಮುಚ್ಚಿ, ಕೆಳಗಿನದನ್ನು ತೆರೆದು, ಆಮೇಲೆ ಗಾಳಿಯದನ್ನು ತೆರೆಯಿರಿ. ಗಾಳಿಯದನ್ನು ತೆರೆಯದೆ ಬಿಟ್ಟರೆ ನೀರು ಸ್ವಲ್ಪ ಬಂದು ನಿಂತುಬಿಡುತ್ತದೆ, ಖಾಲಿಯಾಯಿತೆಂದು ನಂಬಿ ಮಲಗಿದರೆ ಬೆಳಗ್ಗೆ ಮೀನಿನ ಬಾಯಿ ಕಾಣುತ್ತೀರಿ. ಪ್ಯಾನೆಲ್ಲು ನೀರು ಬಿಡುವ ಕಡೆಗೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ವಾಲಿರಬೇಕು. ಮಟ್ಟಸವಾಗಿ ಕೂರಿಸಿದ್ದರೆ ಕೆಳಗಿನ ಹೆಡರಿನಲ್ಲಿ ನೀರು ಉಳಿಯುತ್ತದೆ. ನೀರು ನಿಂತ ಮೇಲೆ ಕೆಳಗಿನ ವಾಲ್ವಿಗೆ ಬಾಯಿಟ್ಟು ಊದಿ ನೋಡಿ. ಗುಳುಗುಳು ಸದ್ದು ಬಂದರೆ ಒಳಗೆ ಇನ್ನೂ ನೀರಿದೆ.

ಬೆಳಗ್ಗೆ ತುಂಬುವುದು ಬಿಸಿಲು ಗಾಜಿಗೆ ಬೀಳುವ ಮುಂಚೆ. ಕೆಳಗಿನದನ್ನು ಮುಚ್ಚಿ, ಟ್ಯಾಂಕಿನಿಂದ ಬರುವ ವಾಲ್ವನ್ನು ನಿಧಾನ ತೆರೆಯಿರಿ. ಟ್ಯಾಂಕಿನ ನೀರಿನಲ್ಲಿ ಹಿಂದಿನ ದಿನದ ಬಿಸಿ ಸ್ವಲ್ಪ ಉಳಿದಿರುತ್ತದೆ, ಕೊಳವೆಗೆ ಅದೇ ಒಳ್ಳೆಯದು. ಗಾಳಿಯ ವಾಲ್ವಿನಿಂದ ಸೀನುವಂತೆ ಬರುವ ನೀರು ಒಂದೇ ಧಾರೆಯಾದ ಮೇಲೆ ಅದನ್ನು ಮುಚ್ಚಿ, ಕೊನೆಗೆ ಬಿಸಿನೀರಿನ ಲೈನ್ ತೆರೆಯಿರಿ. ತಡವಾಗಿ ಎದ್ದಿರಾ? ಖಾಲಿ ಕಲೆಕ್ಟರು ಬಿಸಿಲಿನಲ್ಲಿ ನೂರು ಡಿಗ್ರಿ ದಾಟುತ್ತದೆ. ಅದಕ್ಕೆ ನೀರು ಬಿಟ್ಟರೆ ಹಬೆ ಎದ್ದು ಬೆಸುಗೆ ಬಿಡಬಹುದು. ಟಾರ್ಪಾಲು ಹೊದಿಸಿ ತಣಿಸಿ, ಆಮೇಲೆ ತುಂಬಿ. ಇನ್ನೊಂದು ಮಾತನ್ನು ವಾಲ್ವಿನ ಪಕ್ಕದಲ್ಲೇ ಬಣ್ಣದಲ್ಲಿ ಬರೆದಿಡಬೇಕು: ಕಲೆಕ್ಟರಿನಲ್ಲಿ ನೀರಿದ್ದು ನಾಲ್ಕು ವಾಲ್ವೂ ಮುಚ್ಚಿರುವ ಸ್ಥಿತಿ ಹಗಲಿನಲ್ಲಿ ಎಂದೂ ಇರಬಾರದು. ಕುದಿದ ನೀರಿಗೆ ದಾರಿ ಇರುವುದಿಲ್ಲ.

ದಿನಾ ಇಷ್ಟು ಕೆಲಸ ಆಗದವರಿಗೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಸಿಗುತ್ತದೆ. ಕಲೆಕ್ಟರಿನಲ್ಲಿ ಹರಿಯುವುದು ಬೇರೆ ದ್ರವ, ಮನೆಗೆ ಬರುವ ನೀರು ಬೇರೆ. ಅದರಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ಶೇ. 30ರ ಮಿಶ್ರಣ ಸುಮಾರು ಮೈನಸ್ 12–13 ಡಿಗ್ರಿವರೆಗೆ ತಡೆಯುತ್ತದೆ, ನೀಲಗಿರಿಗೆ ಧಾರಾಳವಾಯಿತು. ಕಾರಿನ ಕೂಲಂಟ್ ಸುರಿಯುವವರೂ ಇದ್ದಾರೆ, ದಯವಿಟ್ಟು ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಒಳಗಿನ ಸುರುಳಿ ತೂತಾದರೆ ನೇರ ಸ್ನಾನದ ನೀರಿಗೆ, ಮಕ್ಕಳ ಬಾಯಿಗೆ ಬರುತ್ತದೆ. ಸೋರಿ ಕಡಿಮೆಯಾದಾಗ ಬರೀ ನೀರು ತುಂಬಿದರೆ ಮಿಶ್ರಣ ತೆಳುವಾಗಿ, ಎರಡು ಚಳಿಗಾಲ ತಡೆದದ್ದು ಮೂರನೆಯದರಲ್ಲಿ ಒಡೆಯುತ್ತದೆ. ವರ್ಷಕ್ಕೊಮ್ಮೆ ಪಿಎಚ್ ಪಟ್ಟಿ ಅದ್ದಿ ನೋಡಿ, 7ಕ್ಕಿಂತ ಕೆಳಗಿದ್ದರೆ ದ್ರವ ಹುಳಿಯಾಗಿ ತಾಮ್ರ ತಿನ್ನತೊಡಗಿದೆ, ಬದಲಿಸಿ.

ಹೊಸದಾಗಿ ಹಾಕಿಸುವವರಿಗೆ ನಮ್ಮ ಸಲಹೆ ಗಾಜಿನ ಟ್ಯೂಬಿನ ಸೋಲಾರ್. ಎರಡು ಪದರ ಗಾಜಿನ ನಡುವೆ ಗಾಳಿ ತೆಗೆದಿರುವುದರಿಂದ ಒಳಗಿನ ನೀರಿಗೆ ಇಲ್ಲಿನ ಚಳಿ ತಟ್ಟುವುದಿಲ್ಲ. ಆದರೆ ಟ್ಯೂಬಿನ ತುದಿಯಲ್ಲಿರುವ ಬೆಳ್ಳಿ ಬಣ್ಣವನ್ನು ಆಗಾಗ ನೋಡುತ್ತಿರಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನಡುವಿನ ನಿರ್ವಾತ ಹೋಗಿದೆ, ಆ ಟ್ಯೂಬು ಗಡ್ಡೆ ಕಟ್ಟಿ ಒಡೆಯಬಲ್ಲದು. ಉರೈಪನಿಯ ಬೆಳಗಿನಲ್ಲಿ ಕೆಳಗೆ ನಿಂತೇ ಪತ್ತೆ ಹಚ್ಚಬಹುದು: ಒಳ್ಳೆಯ ಟ್ಯೂಬುಗಳ ಹೊರಮೈ ಬಿಳಿಯಾಗಿರುತ್ತದೆ, ಶಾಖ ಸೋರುತ್ತಿರುವ ಟ್ಯೂಬಿನ ಮೇಲೆ ಮಾತ್ರ ಹಿಮ ಕೂತಿರುವುದಿಲ್ಲ. ಒಂದು ಟ್ಯೂಬು ಒಡೆದರೂ ಇಡೀ ಟ್ಯಾಂಕು ಖಾಲಿಯಾಗುತ್ತದೆ, ಆದ್ದರಿಂದ ಅಂಥದ್ದನ್ನು ಡಿಸೆಂಬರ್ ಬರುವ ಮೊದಲೇ ಬದಲಿಸಿ.

ಟ್ಯೂಬಿನ ಸೋಲಾರಿನಲ್ಲಿ ನಿಜವಾದ ಅಪಾಯ ಏರ್ ವೆಂಟ್. ಟ್ಯಾಂಕಿನ ತಲೆಯಿಂದ ಮೇಲಕ್ಕೆ ನಿಂತ ಆ ಬರೀ ಕೊಳವೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಟ್ಯಾಂಕಿನ ಹಬೆ ಅದರಲ್ಲಿ ಏರಿ, ತುದಿಯ ಬಾಗಿನಲ್ಲಿ ಹನಿಗಟ್ಟಿ, ಅಲ್ಲೇ ಗಟ್ಟಿಯಾಗುತ್ತದೆ. ತಣ್ಣೀರಿನ ಲೈನೂ ಕಟ್ಟಿರುತ್ತದೆ. ಬೆಳಗ್ಗೆ ಸ್ನಾನಕ್ಕೆಂದು ಕೆಳಗೆ ಬಿಸಿನೀರಿನ ನಲ್ಲಿ ತಿರುಗಿಸಿದರೆ ಟ್ಯಾಂಕಿನಿಂದ ನೀರು ಇಳಿಯುತ್ತದೆ, ಅದರ ಜಾಗಕ್ಕೆ ನೀರೂ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ನಲ್ಲಿ ಐದು ಮೀಟರ್ ಕೆಳಗಿದ್ದರೆ ಒಳಮೈಯ ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕೆಜಿಯವರೆಗೆ ಎಳೆತ ಬೀಳಬಹುದು. ತೆಳುವಾದ ಸ್ಟೀಲಿನ ಒಳಟ್ಯಾಂಕು ಹಿಂಡಿದ ಡಬ್ಬಿಯಂತೆ ಕುಸಿಯುತ್ತದೆ. ಹಾಗಾಗಿ ವೆಂಟನ್ನು ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಿನಲ್ಲಿ ಹಾಕಿಸಿ. ಎಲ್ಲೂ ಅಡ್ಡ ಓಡದೆ ನೇರ ಮೇಲೇರಲಿ, ತುದಿಗೆ ಒಂದೇ ಕಡೆ ಬಾಗುವ ಎಲ್ಬೋ ಬದಲು ಎರಡು ಕಡೆ ತೆರೆಯುವ ಟಿ ಇರಲಿ, ಎರಡು ಬಾಯಿಯಲ್ಲಿ ಒಂದಾದರೂ ತೆರೆದಿರುತ್ತದೆ. ಪೂರ್ತಿ ಉದ್ದಕ್ಕೂ ಇನ್ಸುಲೇಷನ್ ಹಾಕಿ.

ಇನ್ಸುಲೇಷನ್ ಬಗ್ಗೆ ದೊಡ್ಡ ತಪ್ಪು ತಿಳಿವಳಿಕೆಯಿದೆ. ಕಂಬಳಿ ಮನುಷ್ಯನನ್ನು ಬೆಚ್ಚಗಿಡುವುದು ಮನುಷ್ಯನಿಗೆ ಮೈಬಿಸಿ ಇರುವುದರಿಂದ. ಪೈಪಿಗೆ ಮೈಬಿಸಿ ಇಲ್ಲ. ನೀರು ಅಲುಗದೆ ನಿಂತ ಅರ್ಧ ಇಂಚಿನ ಪೈಪಿಗೆ ನೀವು ಏನೇ ಸುತ್ತಿದರೂ ಗಡ್ಡೆ ಕಟ್ಟುವುದು ಕೆಲವು ಗಂಟೆ ತಡವಾಗುತ್ತದೆ, ಅಷ್ಟೇ. ಅದೃಷ್ಟಕ್ಕೆ ಇಲ್ಲಿ ಹಗಲು ಬಿಸಿಲು ಕಾಯುತ್ತದೆ, ಚಳಿಯ ಪೆಟ್ಟು ಬೆಳಗಿನ ಜಾವದ ನಾಲ್ಕೈದು ಗಂಟೆಯದು. ಆ ನಾಲ್ಕೈದು ಗಂಟೆ ದಾಟಿಸಲು 19 ಮಿಲಿಮೀಟರ್ ದಪ್ಪದ ಕಪ್ಪು ನೈಟ್ರೈಲ್ ರಬ್ಬರ್ ಟ್ಯೂಬು ಬೇಕು, ತೆಳು ಫೋಮ್ ಸಾಲದು. ಬಿಸಿಲಿಗೆ ಅದು ಒಂದೆರಡು ವರ್ಷದಲ್ಲಿ ಬಿರುಕು ಬಿಡುತ್ತದೆ, ಮೇಲೆ ಅಲ್ಯುಮಿನಿಯಂ ಹಾಳೆ ಸುತ್ತಿ. ಪೈಪಿಗೆಲ್ಲ ಸುತ್ತಿ ಎಲ್ಬೋ, ವಾಲ್ವುಗಳನ್ನು ಬರಿಮೈ ಬಿಟ್ಟರೆ ಗಡ್ಡೆ ಅಲ್ಲೇ ಶುರುವಾಗುತ್ತದೆ. ಮಳೆಯಲ್ಲಿ ನೆನೆದ ಇನ್ಸುಲೇಷನ್ ಇದ್ದೂ ಇಲ್ಲದಂತೆ. ಮಣ್ಣಿನಲ್ಲಿ ಹೂತ ಪೈಪಿಗೆ ಒಂದಡಿ ಆಳವಿದ್ದರೆ ನಮ್ಮ ಕಡೆ ಚಿಂತೆಯಿಲ್ಲ.

ಶಾಖ ಕೊಡಲೇಬೇಕು ಅನ್ನುವ ಕಡೆ ಹೀಟಿಂಗ್ ಕೇಬಲ್ ಇದೆ. ಚಳಿ ಹೆಚ್ಚಾದಷ್ಟೂ ತಾನೇ ಹೆಚ್ಚು ಕಾಯುವ, ಸೆಲ್ಫ್ ರೆಗ್ಯುಲೇಟಿಂಗ್ ಎಂಬ ಜಾತಿಯದನ್ನೇ ಕೇಳಿ. ಮೀಟರಿಗೆ 10 ವ್ಯಾಟಿನದು ಹತ್ತು ಮೀಟರ್ ಹಾಕಿದರೆ 100 ವ್ಯಾಟ್, ಹತ್ತು ಗಂಟೆಗೆ ಒಂದು ಯೂನಿಟ್. 5 ಡಿಗ್ರಿಗೆ ಚಾಲೂ ಆಗುವ ಥರ್ಮೋಸ್ಟಾಟ್, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಎರಡೂ ಇರಲೇಬೇಕು. ಕೇಬಲ್ ಪೈಪಿಗೆ ಅಂಟಿಕೊಂಡಿರಲಿ, ಅದರ ಮೇಲೆ ಇನ್ಸುಲೇಷನ್ ಬರಲಿ. ಕರೆಂಟ್ ಹೋದ ರಾತ್ರಿ ಇದೂ ಇಲ್ಲ ಅನ್ನುವುದು ನೆನಪಿರಲಿ.

ಈಗ ತಾಮ್ರದ ಬಾಯ್ಲರ್. ಹಿತ್ತಿಲ ಜಗಲಿಯಲ್ಲಿ ಸೌದೆ ಹಾಕಿ ಉರಿಸುವ, ನಡುವೆ ಹೊಗೆಕೊಳವೆ ಇರುವ ಹಳೆಯ ಬಾಯ್ಲರ್ ಅನೇಕ ಮನೆಗಳಲ್ಲಿ ಇನ್ನೂ ಇದೆ, ಕರೆಂಟಿಲ್ಲದ ದಿನ ಅದೇ ದೇವರು. ಮೇಲೆ ಕೊಳವೆಬಾಯಿಯ ಆಲಿಕೆ, ಅದಕ್ಕೆ ತಣ್ಣೀರು ಸುರಿದರೆ ಮೂತಿಯಿಂದ ಅಷ್ಟೇ ಬಿಸಿನೀರು ಬೀಳುತ್ತದೆ. ಬಾಯಿ ತೆರೆದಿರುವುದರಿಂದ ಇದು ಒಳ್ಳೆಯ ರಚನೆ. ಈ ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದಿಯುತ್ತದೆ, ಹಬೆ ಆಲಿಕೆಯಿಂದ ಹೋಗುತ್ತದೆ. ಕೆಡುಕು ಬಂದದ್ದು ಆಲಿಕೆ ತೆಗೆದು ಟ್ಯಾಂಕಿನ ಪೈಪು ಜೋಡಿಸಿ, ಬಿಸಿನೀರಿಗೆ ನಲ್ಲಿ ಹಾಕಿಸಿಕೊಂಡ ಮೇಲೆ. ರಾತ್ರಿ ಎರಡೂ ಪೈಪು ಗಡ್ಡೆ ಕಟ್ಟಿದರೆ ಬಾಯ್ಲರು ಎಲ್ಲ ಕಡೆ ಮುಚ್ಚಿದ ಪಾತ್ರೆ. ಅದರಡಿ ಬೆಂಕಿ ಹಚ್ಚಿದರೆ ಹಬೆಯ ಒತ್ತಡ ಬೆಸುಗೆಯನ್ನು ಹರಿದು ಎದುರು ಕೂತವರ ಮೈಮೇಲೆ ಕುದಿನೀರು ಎರಚುತ್ತದೆ. ಪೈಪು ಜೋಡಿಸಿದ ಬಾಯ್ಲರಿಗೆ ತಲೆಯಿಂದ ನೇರ ಮೇಲೆ ಹೋಗುವ, ವಾಲ್ವಿಲ್ಲದ ಒಂದು ತೆರೆದ ಕೊಳವೆ ಇರಲೇಬೇಕು, ಅದು ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಚಳಿಗಾಲದಲ್ಲಿ ಬೆಂಕಿ ಹಚ್ಚುವ ಮುಂಚೆ ನಲ್ಲಿ ತೆರೆದು ನೀರು ಸಲೀಸಾಗಿ ಬರುತ್ತಿದೆಯೇ ನೋಡಿ. ಆಲಿಕೆಯದಾದರೆ ಒಂದು ಚೊಂಬು ಸುರಿದು ಮೂತಿಯಿಂದ ಬಿತ್ತೇ ನೋಡಿ. ಬಾರದಿದ್ದರೆ ಕಡ್ಡಿ ಗೀರಬೇಡಿ. ಈ ಬರಹದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ, ಮನೆಗೆಲಸಕ್ಕೆ ಬರುವವರಿಗೂ ಹೇಳಿಕೊಡಿ.

ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ ಹಾಕುವುದೇ ಸರಿ, ಒಳಗಿದ್ದರೆ ಕಾರ್ಬನ್ ಮಾನಾಕ್ಸೈಡ್ ಉಸಿರು ತೆಗೆಯುತ್ತದೆ. ಚಳಿಯೆಂದು ಕಿಟಕಿಯ ಸಂದಿಗೆ ಗೋಣಿ ತುರುಕಿದ ಮನೆಗಳಲ್ಲಂತೂ ಇನ್ನೂ ಬೇಗ. ಆದರೆ ಹೊರಗೋಡೆಯಲ್ಲಿದ್ದರೆ ಚಳಿಗೆ ಸಿಕ್ಕುತ್ತದೆ. ಅದರ ಒಳಗಿನ ತಾಮ್ರದ ಸುರುಳಿ ಬಹಳ ತೆಳು. ಹೆಚ್ಚಿನವುಗಳ ಅಡಿಯಲ್ಲಿ ಕೈಯಲ್ಲೇ ಬಿಚ್ಚಬಹುದಾದ ಡ್ರೇನ್ ಪ್ಲಗ್ ಇರುತ್ತದೆ. ರಾತ್ರಿ ನೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಪ್ಲಗ್ ಬಿಚ್ಚಿದರೆ ಒಂದು ಲೋಟದಷ್ಟು ನೀರು ಬೀಳುತ್ತದೆ, ಅಷ್ಟು ಮಾಡಿದರೆ ಸುರುಳಿ ಉಳಿಯಿತು. ಬೆಳಗ್ಗೆ ಉರಿ ಸಣ್ಣಗಿದ್ದರೆ ಗೀಸರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸಿಲಿಂಡರಿನಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗಲು ಒಪ್ಪುವುದಿಲ್ಲ. ಸಿಲಿಂಡರಿಗೆ ಬಿಸಿನೀರು ಸುರಿಯುವುದು, ಬೆಂಕಿ ಕಾಯಿಸುವುದು ಎರಡೂ ಬೇಡ. ಬಿಸಿಲೇರಲಿ, ಸರಿಹೋಗುತ್ತದೆ.

ಪೈಪು ಕಟ್ಟಿಕೊಂಡಾಗ ಮೊದಲು ನಲ್ಲಿ ತೆರೆಯಿರಿ, ಆಮೇಲೆ ನಲ್ಲಿಯ ಕಡೆಯಿಂದ ಹಿಂದಕ್ಕೆ ಕಾಯಿಸುತ್ತ ಹೋಗಿ. ಕೈ ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತುವುದು ಸಾಕು. ಹೇರ್ ಡ್ರೈಯರ್ ಆದರೂ ಸರಿ. ಕುದಿನೀರು ಹುಯ್ದರೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪು ಸೀಳಬಹುದು, ಗಾಜಿನ ಟ್ಯೂಬು ಚೂರಾಗಬಹುದು.

ಮನೆಗೆ ಬೀಗ ಹಾಕಿ ಮೈಸೂರಿಗೋ ಬೆಂಗಳೂರಿಗೋ ಹೋಗಿ ತಿಂಗಳುಗಟ್ಟಲೆ ಇರುವವರು ಎಲ್ಲವನ್ನೂ ಖಾಲಿ ಮಾಡಿಯೇ ಹೊರಡಬೇಕು. ಕರೆಂಟ್ ಗೀಸರಿನ ಎಂಸಿಬಿ ಇಳಿಸಿ, ಟ್ಯಾಂಕಿನ ವಾಲ್ವ್ ಮುಚ್ಚಿ, ಮನೆಯ ನಲ್ಲಿಗಳನ್ನೆಲ್ಲ ತೆರೆದು, ತೀರಾ ಕೆಳಗಿನದರಿಂದ ನೀರು ಬಿಡಿ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಎನ್‌ಆರ್‌ವಿ ವಾಲ್ವ್ ಇರುವ ಲೈನಿನಲ್ಲಿ ಅದರ ಮೇಲಿನ ನೀರು ಇಳಿಯುವುದಿಲ್ಲ, ಅಲ್ಲೊಂದು ಟಿ ಹಾಕಿ ಸಣ್ಣ ನಲ್ಲಿ ಕೊಡಿಸಿರಬೇಕು. ಪ್ರೆಷರ್ ಪಂಪಿನ ಹೊಟ್ಟೆಯಡಿಯ ಪ್ಲಗ್ಗನ್ನು ಬಿಚ್ಚಿ, ಕಳೆಯದಂತೆ ಪಂಪಿಗೇ ದಾರದಲ್ಲಿ ಕಟ್ಟಿ. ಬಾಲ್ ವಾಲ್ವುಗಳನ್ನು ಪೂರ್ತಿ ತೆರೆದೋ ಪೂರ್ತಿ ಮುಚ್ಚಿಯೋ ಬಿಟ್ಟರೆ ಗುಂಡಿನ ಸುತ್ತ ಸಿಕ್ಕ ನೀರು ಗಟ್ಟಿಯಾಗಿ ವಾಲ್ವಿನ ಮೈ ಬಿರಿಯುತ್ತದೆ, ಹಿಡಿಯನ್ನು ಅರ್ಧಕ್ಕೆ ತಿರುಗಿಸಿಡಿ. ಖಾಲಿ ಗೀಸರಿನ ಸ್ವಿಚ್ಚನ್ನು ಯಾರಾದರೂ ಒತ್ತಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಸ್ವಿಚ್ಚಿನ ಮೇಲೆ ‘ನೀರಿಲ್ಲ’ ಎಂದು ಬರೆದ ಚೀಟಿ ಅಂಟಿಸಿ, ಕನ್ನಡದಲ್ಲೂ ತಮಿಳಿನಲ್ಲೂ. ಮರಳಿ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ತುಂಬಿ, ಒಬ್ಬರು ವಾಲ್ವಿನ ಹತ್ತಿರ, ಇನ್ನೊಬ್ಬರು ಪೈಪಿನುದ್ದಕ್ಕೂ ನೋಡುತ್ತ. ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದ ಧಾರೆ ಬಂದ ಮೇಲೆ ಚೀಟಿ ಕಿತ್ತು ಸ್ವಿಚ್ ಹಾಕಿ.